ರಜಾಯಿಯ ಕೊನೆಯ ಮೂಲೆ

ರಜಾಯಿಗೆ ಅಂಚು ಕಟ್ಟುವವಳ ಪಾಡು ಏನೆಂದರೆ, ಅದು ಅವಳ ಕೈಗೆ ಬರುವ ಹೊತ್ತಿಗೆ ಎಲ್ಲರ ತಪ್ಪೂ ಅದರ ಜೊತೆಗೇ ಬಂದಿರುತ್ತದೆ. ಕತ್ತರಿಸಿದವಳು ವಾರೆಯಾಗಿ ಕತ್ತರಿಸಿರುತ್ತಾಳೆ, ಹತ್ತಿ ಹರಡಿದವಳು ಒಂದೇ ಕಡೆ ಗುಡ್ಡೆ ಹಾಕಿರುತ್ತಾಳೆ, ದಾರ ಎಳೆದವಳು ನಡುವೆ ಸುಕ್ಕು ಮಾಡಿರುತ್ತಾಳೆ. ಅದನ್ನೆಲ್ಲ ಅಂಚುಪಟ್ಟಿಯೊಳಗೆ ಅಡಗಿಸಿ, ಚೌಕ ಮಾಡಿ, ಇದು ಮಾರುವ ವಸ್ತು ಎನ್ನುವಂತೆ ಮಾಡಬೇಕಾದವಳು ಕೊನೆಯವಳು. ಚೆನ್ನಾಗಿ ಬಂದರೆ ರಜಾಯಿ ಚೆನ್ನಾಗಿದೆ ಎನ್ನುತ್ತಾರೆ, ಕೆಟ್ಟರೆ ಅಂಚು ಕೆಟ್ಟಿದೆ ಎನ್ನುತ್ತಾರೆ. ಜಾಲಹಳ್ಳಿಯ ಹೊಲಿಗೆ ಕೇಂದ್ರದಲ್ಲಿ ಶುರುಮಾಡಿ, ಆಮೇಲೆ ಪೀಣ್ಯದ ಗಾರ್ಮೆಂಟ್ಸಿನಲ್ಲಿ ರಿಟೈರ್ ಆಗುವವರೆಗೂ ನಾನು ಮಾಡಿದ್ದು ಇದನ್ನೇ. ಈಗ ನಮ್ಮ ಬೀದಿಯ ಹುಡುಗಿಯರು ಅದೇ ಲೈನಿಗೆ ಸೇರುತ್ತಿದ್ದಾರೆ, ನನಗೆ ಗೊತ್ತಿರುವುದನ್ನು ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುತ್ತೇನೆ. ಹುರುಪು ತುಂಬುವ ಮಾತು ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರ ಉಳಿದಿಲ್ಲ.

ಎಪ್ಪತ್ತರ ದಶಕದ ಕೊನೆ. ನಮ್ಮ ಮಾವನ ರಾಗಿ ಹೊಲ ಇದ್ದ ಕಡೆ ಆಗಲೇ ಕಾರ್ಖಾನೆಯ ಕ್ವಾರ್ಟರ್ಸ್ ಎದ್ದು, ಗುಲ್‌ಮೊಹರ್ ಸಾಲು ನೆರಳು ಕೊಡುವಷ್ಟು ಬೆಳೆದಿತ್ತು. ಹೊಲ ಹೋದ ಮನೆಗಳ ಹೆಂಗಸರಿಗೆ ಏನಾದರೂ ಕೆಲಸ ಕೊಡಬೇಕೆಂದು ಆಫೀಸರುಗಳ ಮನೆಯವರು ಸೇರಿ ಒಂದು ಹಳೇ ಶೆಡ್ಡಿನಲ್ಲಿ ಹೊಲಿಗೆ ಕೇಂದ್ರ ತೆರೆದರು. ಅದನ್ನು ನೋಡಿಕೊಳ್ಳುತ್ತಿದ್ದವರು ವಸುಂಧರಾ ಮೇಡಂ. ದೊಡ್ಡ ಇಂಜಿನಿಯರರ ಹೆಂಡತಿ, ಒಳ್ಳೆಯ ಮಾತು, ಒಳ್ಳೆಯ ಸೀರೆ. ಕೆಟ್ಟವರು ಎಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಬೇಕಾದಾಗ ಬೆನ್ನ ಹಿಂದೆ ನಿಲ್ಲದವರು ಎಂದಷ್ಟೇ ಹೇಳಬಲ್ಲೆ.

ನಮಗೆ ಕೆಲಸ ಕಲಿಸಿದವಳು ನೀಲವ್ವ. ನಾನು ನೀಲಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಅವಳ ಗಂಡ ವಿಜಾಪುರದ ಕಡೆಯಿಂದ ಕ್ವಾರ್ಟರ್ಸಿನ ಹೊಸ ಸಾಲು ಕಟ್ಟುವ ಗಾರೆ ಕೆಲಸಕ್ಕೆ ಬಂದವನು, ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ತೀರಿಹೋದ. ಗಂಡನ ಮನೆಯವರು ಮಣ್ಣಿಗೆ ಬಂದು ಹೋದರು, ಇವಳನ್ನು ಕರೆದುಕೊಂಡು ಹೋಗಲಿಲ್ಲ. ತವರಲ್ಲಿ ಯಾರೂ ಉಳಿದಿರಲಿಲ್ಲ. ಮೇಡಂ ಕನಿಕರದಿಂದ ಶೆಡ್ಡಿನ ಹಿಂದಿನ ಸಣ್ಣ ರೂಮನ್ನು ಅವಳಿಗೆ ಬಿಟ್ಟುಕೊಟ್ಟರು. ಹಗಲು ಹೊಲಿಗೆ, ಉಳಿದಂತೆ ಕಾವಲು. ಕೇಂದ್ರ ಇರುವವರೆಗೆ ರೂಮು, ಕೇಂದ್ರ ಹೋದರೆ ರೂಮೂ ಹೋಯಿತು. ಈ ಮಾತು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಮಳೆ ಬಂದು ಕೆಲಸ ನಿಂತ ದಿನ ಅವಳು ಆ ರೂಮಿನ ಬಾಗಿಲಲ್ಲಿ ಕೂತು ಗೋಡೆಯನ್ನು ಕೈಯಲ್ಲಿ ಸವರುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಅವಳ ಊರಲ್ಲಿ ರಜಾಯಿಗೆ ಕೌದಿ ಎನ್ನುತ್ತಾರೆ. ಹಳೇ ಸೀರೆ, ಹಳೇ ಧೋತರ ತುಂಡು ತುಂಡಾಗಿ ಜೋಡಿಸಿ ಕೈಯಲ್ಲೇ ಹೊಲಿಯುವುದು. ಕೌದಿಗೆ ಬೇರೆ ಅಂಚುಪಟ್ಟಿ ಇರುವುದಿಲ್ಲ. ಹಿಂಬದಿಯ ಬಟ್ಟೆಯನ್ನೇ ನಾಲ್ಕು ಬೆರಳು ಹೆಚ್ಚು ಬಿಟ್ಟು, ಮುಂದಕ್ಕೆ ಮಡಚಿ ಹೊಲಿದರೆ ಅಂಚಾಯಿತು. ಮೇಡಂಗೆ ಅದು ಹಳ್ಳಿಯದ್ದು ಅನ್ನಿಸಿತು. ಬೇರೆ ಬಣ್ಣದ ಪಟ್ಟಿ ಬೇಕು, ಫೋಟೋಗೆ ಚೌಕಟ್ಟು ಹಾಕಿದ ಹಾಗೆ ಕಾಣಬೇಕು ಎಂದರು. ನೀಲಕ್ಕನಿಗೆ ಅದು ಗೊತ್ತಿರಲಿಲ್ಲ. ಮೇಡಂ ಒಂದು ಇಂಗ್ಲಿಷ್ ಪತ್ರಿಕೆಯ ಚಿತ್ರ ತೋರಿಸಿದರು, ಇವಳು ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಕಲಿತಳು, ನಮಗೆ ಕಲಿಸಿದಳು.

ಹುಡುಗಿಯರು ಕೇಳಿದ್ದು ಇದನ್ನೇ, ಆದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ಮೊದಲು ರಜಾಯಿಯನ್ನು ಮೂಲೆಯಿಂದ ಮೂಲೆಗೆ ಮಡಚಿ ನೋಡಿ. ಎರಡು ಕಡೆಯಿಂದಲೂ ಮಡಿಕೆ ಒಂದೇ ಉದ್ದ ಬಂದರೆ ಚೌಕ ಸರಿಯಿದೆ, ಇಲ್ಲದಿದ್ದರೆ ಕತ್ತರಿ ತಗೊಳ್ಳಿ. ಪಟ್ಟಿಯ ತುಂಡುಗಳನ್ನು ಓರೆಯಾಗಿ ಜೋಡಿಸಿ, ನೇರ ಜೋಡಿಸಿದರೆ ಅಲ್ಲೊಂದು ಗಂಟು ಏಳುತ್ತದೆ. ಉದ್ದಕ್ಕೆ ಎರಡು ಮಡಿಕೆ ಮಾಡಿ ಇಸ್ತ್ರಿ ಹಾಕಿ. ಹೊಲಿಗೆಯನ್ನು ಯಾವತ್ತೂ ಮೂಲೆಯಿಂದ ಶುರು ಮಾಡಬೇಡಿ, ಒಂದು ಬದಿಯ ನಡುವಿನಿಂದ ಹೊರಡಿ. ಪಟ್ಟಿಯನ್ನು ಎಳೆಯಬೇಡಿ, ಎಳೆದರೆ ರಜಾಯಿ ದೋಣಿಯ ಹಾಗೆ ಬಾಗುತ್ತದೆ. ಮೂಲೆ ಇನ್ನು ಅರ್ಧ ಬೆರಳು ಇದೆ ಎನ್ನುವಾಗ ನಿಲ್ಲಿಸಿ, ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮತ್ತೆ ಕೆಳಕ್ಕೆ ತಂದು ಮುಂದಿನ ಬದಿ ಹಿಡಿಯಿರಿ. ಆಮೇಲೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಸೂಜಿ ಒಳಗಿನ ಹತ್ತಿಯವರೆಗೆ ಹೋಗಬೇಕು, ಮುಂದೆ ಕಾಣಬಾರದು. ಇಷ್ಟೇ. ಇದನ್ನು ಕಲಿಯಲು ನನಗೆ ಎರಡು ಮಳೆಗಾಲ ಹಿಡಿಯಿತು, ಯಾರೂ ಒಂದು ದಿನ ಭೇಷ್ ಎನ್ನಲಿಲ್ಲ.

ಒಂದು ಸಲ ಮೇಡಂ ಸಿಟಿಯಿಂದ ಕಡುಗೆಂಪು ಬಟ್ಟೆ ತಂದರು. ಪಟ್ಟಿ ಕತ್ತರಿಸುವ ಮುಂಚೆ ಅಂಥ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸಿ ಒಣಗಿಸಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಮರುದಿನ ಕ್ಲಬ್ಬಿನಲ್ಲಿ ಪ್ರದರ್ಶನ, ಎಲ್ಲರಿಗೂ ಅವಸರ. ಕಾರ್ಖಾನೆಯ ಇನ್ನೊಬ್ಬ ದೊಡ್ಡವರ ಮನೆಯವರು ಒಂದು ಬಿಳೀ ರಜಾಯಿ ಕೊಂಡುಕೊಂಡರು. ಮೊದಲ ಒಗೆತಕ್ಕೇ ಅದು ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿತು. ಕೆಲಸದವಳ ತಲೆಯ ಮೇಲೆ ಅದನ್ನು ಹೊರಿಸಿಕೊಂಡು ಅವರು ಶೆಡ್ಡಿಗೇ ಬಂದರು. ಮೇಡಂ ನಮ್ಮ ಕಡೆ ತಿರುಗಿ ಅಂಚು ಹಾಕಿದ್ದು ಯಾರು ಎಂದು ಕೇಳಿದರು. ಬಟ್ಟೆ ತಂದಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ನೀಲಕ್ಕ ಎದ್ದು ನಿಂತು ತಾನೇ ಎಂದಳು. ಹಾಕಿದ್ದವಳು ಅವಳಲ್ಲ, ಇನ್ನೊಬ್ಬಳು. ಆಮೇಲೆ ಯಾಕಕ್ಕ ಹಾಗೆ ಹೇಳಿದೆ ಎಂದು ಕೇಳಿದ್ದಕ್ಕೆ, ಅವಳಿಗೆ ಮಕ್ಕಳಿದ್ದಾರೆ, ನನಗೆ ಬೈದರೆ ನಾನೊಬ್ಬಳೇ ಬೈಸಿಕೊಳ್ಳುತ್ತೇನೆ ಎಂದು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಯಾರು ಸುಮ್ಮನೆ ತಲೆ ಕೊಡುತ್ತಾರೆ ಎಂಬುದನ್ನು ಮೇಲಿನವರು ಬೇಗ ಕಲಿಯುತ್ತಾರೆ.

ಇನ್ನು ಕೊನೆಯ ಮೂಲೆಯ ವಿಷಯ. ಎಲ್ಲ ಬದಿ ಹೊಲಿದು ಮುಗಿಸಿ ಇನ್ನೊಂದು ಮೂಲೆ ಮಾತ್ರ ಉಳಿದಿದೆ ಎನ್ನುವಾಗ ನೀಲಕ್ಕ ಸೂಜಿ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ, ನಾಲ್ಕು ಕಾಳು ಜೋಳ ತೆಗೆದು ಆ ಮೂಲೆಯ ಒಳಗೆ ಹಾಕಿ, ಆಮೇಲೆ ಮುಚ್ಚುತ್ತಿದ್ದಳು. ಮೊದಲ ಸಲ ನೋಡಿದಾಗ ಇದೇನಕ್ಕ ಎಂದೆ.

"ಕೌದಿ ಉಪಾಸ ಇರಬಾರದು ತಂಗಿ. ಹೊಟ್ಟಿ ಖಾಲಿ ಇಟ್ಟು ಮುಚ್ಚಿದ್ರ ಹೊದ್ದವರ ನಿದ್ದಿ ತಿಂತದ," ಎಂದಳು.

ಅವಳ ಅವ್ವ ಹಾಗೆ ಮಾಡುತ್ತಿದ್ದಳಂತೆ, ಅವಳ ಅಜ್ಜಿಯೂ. ನಮಗೆ ಹಿಡಿಸಿತು. ಇನ್ನೊಬ್ಬರು ಹೊದೆಯುವ ವಸ್ತುವಿನಲ್ಲಿ ನಮ್ಮ ಮನೆಯ ನಾಲ್ಕು ಕಾಳು ಇರಲಿ ಅನ್ನಿಸಿತು. ನಮ್ಮ ಕಡೆ ಜೋಳವೆಲ್ಲಿ ಸಿಗಬೇಕು, ನಾವೆಲ್ಲ ರಾಗಿ ಹಾಕತೊಡಗಿದೆವು. ನೀಲಕ್ಕನಿಗೂ ರಾಗಿ ಕೊಡಲು ಹೋದೆ. ಅವಳು ಒಪ್ಪಲಿಲ್ಲ, ಯಶವಂತಪುರದ ಮಂಡಿಗೆ ನಡೆದು ಹೋಗಿ ಜೋಳ ತರುತ್ತಿದ್ದಳು. ಕೌದಿಯ ಹೊಟ್ಟೆಗೆ ಜೋಳವೇ ಆಗಬೇಕು, ಅದು ತನ್ನ ಊರು ಎನ್ನುತ್ತಿದ್ದಳು. ಊರು ಅವಳನ್ನು ಬಿಟ್ಟಿತ್ತು, ಅವಳು ಬಿಟ್ಟಿರಲಿಲ್ಲ.

ಇದು ಮೇಡಂಗೆ ಗೊತ್ತಿರಲಿಲ್ಲವೇ ಎಂದರೆ ಚೆನ್ನಾಗಿ ಗೊತ್ತಿತ್ತು. ಗೊತ್ತಾದ ದಿನ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಬಂದ ಅತಿಥಿಗಳನ್ನೆಲ್ಲ ನೀಲಕ್ಕನ ಮುಂದೆ ಕರೆತಂದು, "ನೋಡಿ, ನಮ್ಮವರು ರಜಾಯಿಗೂ ಊಟ ಹಾಕ್ತಾರೆ," ಎನ್ನುತ್ತಿದ್ದರು. ಅತಿಥಿಗಳು ಬಾಗಿ ನೋಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ನೀಲಕ್ಕ ತಲೆ ಎತ್ತದೆ ಕಾಳು ಹಾಕುತ್ತಿದ್ದಳು.

ಎಂಬತ್ತರ ದಶಕ ಶುರುವಾದ ಮೇಲೆ ಸಿಟಿಯ ಒಬ್ಬ ಏಜೆಂಟರ ಮೂಲಕ ಪರದೇಶದ ಆರ್ಡರ್ ಬಂತು. ನಾವು ಅಲ್ಲಿಯವರೆಗೆ ಕಂಡಿರದಷ್ಟು ದೊಡ್ಡದು. ಅದೇ ಹೊತ್ತಿಗೆ ಕಾರ್ಖಾನೆಯವರು ಶೆಡ್ಡನ್ನು ವಾಪಸು ಕೇಳುತ್ತಿದ್ದರು. ಮೇಡಂ ನಮ್ಮನ್ನೆಲ್ಲ ಕೂರಿಸಿ, ಈ ಆರ್ಡರ್ ಪಾಸಾದರೆ ಕೇಂದ್ರವನ್ನು ಕಾಯಂ ಮಾಡಿಸುತ್ತೇನೆ, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿದರು. ನೀಲಕ್ಕ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಕಾಯಂ ಅಂದರೆ ರೂಮೂ ಕಾಯಂ ತಾನೇ ಎಂದು ಕೇಳಿದಳು. ಹೌದಕ್ಕ ಎಂದೆ. ಆ ವಾರ ಅವಳು ರೂಮಿಗೆ ಸುಣ್ಣ ಬಳಿದಳು.

ಆ ಆರ್ಡರಿಗೆಂದು ಮೇಡಂ ಮೆಷೀನಿಗೆ ಹಾಕುವ ಫೋಲ್ಡರ್ ತರಿಸಿದರು. ಪಟ್ಟಿಯನ್ನು ತಾನೇ ಮಡಚಿ ಸೂಜಿಯ ಕೆಳಗೆ ಕೊಡುವ ತಗಡಿನ ಬಾಯಿ ಅದು. ಇವತ್ತು ನೀವು ಫ್ಯಾಕ್ಟರಿಯಲ್ಲಿ ನೋಡುವುದು ಅದರ ಮಕ್ಕಳು ಮೊಮ್ಮಕ್ಕಳನ್ನು. ನೇರ ಬದಿಯಲ್ಲಿ ಅದು ನಮಗಿಂತ ಎಷ್ಟೋ ವೇಗ. ನಾನು ಒಂದು ಬದಿ ಮುಗಿಸುವಷ್ಟರಲ್ಲಿ ಅದು ನಾಲ್ಕೂ ಬದಿ ಮುಗಿಸುತ್ತಿತ್ತು. ಮೂಲೆಯಲ್ಲಿ ಮಾತ್ರ ಬಟ್ಟೆ ದಪ್ಪವಾಗಿ ಸೂಜಿ ಮುರಿಯುತ್ತಿತ್ತು. ಹಾಗಾಗಿ ಬದಿಗಳು ಮೆಷೀನಿಗೆ, ಮೂಲೆಗಳು ನಮಗೆ ಎಂದಾಯಿತು. ನಮ್ಮ ಕೆಲಸ ಮೂಲೆಗೆ ಬಂದು ನಿಂತಿದೆ ಎಂದು ಆಗ ತಮಾಷೆ ಮಾಡಿದ್ದೆವು.

ಮಳೆಗಾಲ ಹಿಡಿಯುವ ಮುಂಚೆ ರಜಾಯಿಗಳೆಲ್ಲ ಸಿದ್ಧವಾದವು. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯಾಡದ ಹಾಗೆ ಅಂಟಿಸಿ, ಏಜೆಂಟರ ಲಾರಿಗೆ ಏರಿಸಿದೆವು. ಏನೋ ಕಾರಣಕ್ಕೆ ಹಡಗು ತಡವಾಯಿತಂತೆ, ಮಳೆಗಾಲವಿಡೀ ಮಾಲು ಗೋಡೌನಿನಲ್ಲೇ ಬಿದ್ದಿತ್ತು.

ಮನೆಯಲ್ಲಿ ಹೊದೆಯುವ ಕೌದಿ ಬಿಸಿಲು ಕಾಣುತ್ತದೆ, ಒಗೆತ ಕಾಣುತ್ತದೆ, ಕೊಡವಿಸಿಕೊಳ್ಳುತ್ತದೆ. ನಾಲ್ಕು ಕಾಳು ಅದಕ್ಕೆ ಏನೂ ಮಾಡುವುದಿಲ್ಲ. ಪ್ಲಾಸ್ಟಿಕ್ಕಿನೊಳಗೆ, ಆ ತೇವದಲ್ಲಿ, ಮುಚ್ಚಿದ ಮೂಲೆಯಲ್ಲಿ ಏನಾಗುತ್ತದೆಂದು ಯೋಚಿಸುವ ಅಗತ್ಯ ನೀಲಕ್ಕನ ಅಜ್ಜಿಗೂ ಬಂದಿರಲಿಲ್ಲ, ನಮಗೂ ಬಂದಿರಲಿಲ್ಲ.

ದಸರಾ ಕಳೆದ ಮೇಲೆ ಏಜೆಂಟರು ಕಾರಿನಲ್ಲಿ ಎರಡು ರಜಾಯಿ ಹಾಕಿಕೊಂಡು ಬಂದರು. ಕೇಂದ್ರ ನಡೆಸುವ ಕಮಿಟಿಯ ಆಫೀಸರುಗಳ ಹೆಂಡತಿಯರೆಲ್ಲ ಸೇರಿದ್ದರು. ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿತ್ತು. ಏಜೆಂಟರು ಒಂದು ರಜಾಯಿಯ ಮೂಲೆಯನ್ನು ಎರಡು ಬೆರಳಲ್ಲಿ ಹಿಸುಕಿದರು. ಸಣ್ಣ ತೂತಿನಿಂದ ಹಿಟ್ಟು ಉದುರಿತು, ಹಿಟ್ಟಿನ ಹಿಂದೆಯೇ ಕಂದು ಬಣ್ಣದ ಮೂತಿಹುಳುಗಳು ಹೊರಬಂದು ಬಿಳೀ ಬಟ್ಟೆಯ ಮೇಲೆ ನಡೆದಾಡತೊಡಗಿದವು. ಅವರಲ್ಲೊಬ್ಬರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಕಾಳು ಹಾಕ್ತಾರೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ," ಎಂದರು ಮೇಡಂ. ಸ್ವರ ಮೆತ್ತಗಿತ್ತು, ಮುಖ ಬಿಳಿಚಿಕೊಂಡಿತ್ತು. ಅವರಿಗೂ ತಮ್ಮ ಮರ್ಯಾದೆಯ ಚಿಂತೆ ಇದ್ದಿರಬೇಕು.

ನನಗೆ ತಡೆಯಲಾಗಲಿಲ್ಲ. "ಮೇಡಂ, ಬಂದೋರಿಗೆಲ್ಲ ನೀವೇ ತೋರುಸ್ತಿದ್ರಲ್ಲ. ಫೋಟೋನೂ ತೆಗ್ಸಿದ್ರಿ. ಇಂಗಂದ್ರೆ ಎಂಗೆ?" ಎಂದೆ.

ಯಾರೂ ನನ್ನ ಕಡೆ ನೋಡಲಿಲ್ಲ. ಮೇಡಂ ಬಟ್ಟೆಯ ಮೇಲಿನ ಹುಳುವನ್ನೇ ನೋಡುತ್ತಿದ್ದರು. ನನ್ನ ಮಾತು ಆ ಶೆಡ್ಡಿನಲ್ಲಿ ಯಾರೂ ಆಡಿಯೇ ಇಲ್ಲ ಎನ್ನುವ ಹಾಗೆ ಹೋಯಿತು. ಸತ್ಯ ಹೇಳಿದರೆ ಏನೋ ಆಗುತ್ತದೆ ಎಂದು ನಾನು ಅಂದಿನವರೆಗೆ ನಂಬಿದ್ದೆ. ಏನೂ ಆಗುವುದಿಲ್ಲ.

ನೀಲಕ್ಕ ಮುಂದೆ ಬಂದಳು. "ಜ್ವಾಳ ನಂದರೀ. ಇವರದು ರಾಗಿ. ತಪ್ಪು ನಂದ ಐತಿ," ಎಂದಳು.

ಏಜೆಂಟರು ಒಂದು ಅವಕಾಶ ಕೊಟ್ಟರು. ಎಲ್ಲ ರಜಾಯಿಗಳ ಕೊನೆಯ ಮೂಲೆ ಬಿಚ್ಚಿ, ಸ್ವಚ್ಛ ಮಾಡಿ, ಬಿಸಿಲಿಗೆ ಹಾಕಿ, ಮತ್ತೆ ಹೊಲಿದುಕೊಟ್ಟರೆ ನೋಡೋಣ ಎಂದರು. ಮಾಲು ಲಾರಿಯಲ್ಲಿ ವಾಪಸು ಬಂತು. ಶೆಡ್ಡಿನ ಮುಂದಿನ ಬಯಲಲ್ಲಿ ಗೋಣಿತಾಟು ಹಾಸಿ, ಬ್ಲೇಡು ಹಿಡಿದು, ನಮ್ಮದೇ ಹೊಲಿಗೆಯನ್ನು ನಾವೇ ಬಿಚ್ಚಲು ಕೂತೆವು. ಹೊಲಿಯುವುದನ್ನು ಕಲಿಸುವವರು ಸಿಗುತ್ತಾರೆ, ಬಿಚ್ಚುವುದನ್ನು ಯಾರೂ ಕಲಿಸುವುದಿಲ್ಲ, ಅದನ್ನೂ ಕಲಿಯಿರಿ. ದಾರವನ್ನು ಎಳೆಯಬಾರದು, ಒಂದು ಬಿಟ್ಟು ಒಂದು ಹೊಲಿಗೆ ಕತ್ತರಿಸುತ್ತಾ ಹೋಗಬೇಕು. ನಮ್ಮ ಮೂಲೆಗಳಿಂದ ರಾಗಿ ಉದುರಿತು. ಹಾಕಿದ ದಿನ ಹೇಗಿತ್ತೋ ಹಾಗೇ ಕೆಂಪಗೆ, ಒಂದು ಕಾಳೂ ಕೆಡದೆ. ರಾಗಿ ಹಾಗೆಯೇ, ವರ್ಷಗಟ್ಟಲೆ ನೆಲದೊಳಗಿನ ಹಗೇವಿನಲ್ಲಿಟ್ಟರೂ ಹುಳು ಅದರ ತಂಟೆಗೆ ಬರುವುದಿಲ್ಲ. ನೀಲಕ್ಕನ ಮೂಲೆಗಳಿಂದ ಹಿಟ್ಟು, ಸಿಪ್ಪೆ, ಸತ್ತ ಹುಳು, ಬದುಕಿದ ಹುಳು. ಎಲ್ಲರೂ ನೋಡಿದೆವು. ನೋಡಿ ಮುಂದಿನ ರಜಾಯಿ ಎಳೆದುಕೊಂಡೆವು. ನಾವು ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನೀಲಕ್ಕನ ಹೊಲಿಗೆ ಎಷ್ಟು ಬಿಗಿ ಎಂದರೆ ಬಿಚ್ಚುವಾಗ ಬಟ್ಟೆಯೇ ಹರಿಯಿತು. ನಮ್ಮ ಸಡಿಲ ಕೈಯ ಹೊಲಿಗೆ ಸಲೀಸಾಗಿ ಬಂತು, ಅವಳದ್ದು ಬರಲಿಲ್ಲ. ಹರಿದ ಕಡೆ ತೇಪೆ ಹಾಕಬೇಕಾಯಿತು. ಹೊಸ ಪಟ್ಟಿ ಹಳೇ ಪಟ್ಟಿಗಿಂತ ಕಡುವಾಗಿ ಕಂಡಿತು, ಹಳೇ ಸೂಜಿಯ ತೂತುಗಳು ಹೋಗಲಿಲ್ಲ. ಅವಳು ನೀರು ಚಿಮುಕಿಸಿ, ಉಗುರಲ್ಲಿ ಉಜ್ಜಿ, ತೂತು ಮುಚ್ಚಲು ನೋಡುತ್ತಿದ್ದಳು. ಸಾಕು ಬಿಡಕ್ಕ ಎಂದರೆ, ರೂಮಿನ ಕಡೆ ಒಮ್ಮೆ ನೋಡಿ ಮತ್ತೆ ಉಜ್ಜುತ್ತಿದ್ದಳು.

ಪರದೇಶದವರು ಮಾಲನ್ನು ಎರಡನೇ ಸಲವೂ ತಿರಸ್ಕರಿಸಿದರು. ಹುಳುವಿನ ಮಾತು ಬರಲಿಲ್ಲ. ಮೂಲೆ ಬಿಚ್ಚಿ ಹೊಲಿದಿದ್ದು ಕಾಣುತ್ತದೆ ಎಂದರಂತೆ.

ಕೇಂದ್ರ ಮುಚ್ಚಿತು. ಮೇಡಂ ಕೊನೆಯ ದಿನ ಬರಲಿಲ್ಲ, ಡ್ರೈವರ್ ಕೈಲಿ ಬೀಗ ಕಳಿಸಿದ್ದರು. ನೀಲಕ್ಕ ಒಂದು ಟ್ರಂಕು, ಒಂದು ಸ್ಟವ್ವು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ಸುಣ್ಣ ಬಳಿದ ರೂಮಿನಿಂದ ಹೊರಬಂದಳು. ನಮ್ಮ ಮನೆಗೆ ಕರೆದೆ. ಎರಡು ವಾರ ಇದ್ದಳು. ನಮ್ಮತ್ತೆಯ ಮುಖ ನೋಡಿ ಅರ್ಥ ಮಾಡಿಕೊಂಡು ತಾನೇ ಹೊರಟಳು. ಶೆಡ್ಡು ಸೈಕಲ್ ಸ್ಟ್ಯಾಂಡಾಯಿತು.

ನಾನು ಪೀಣ್ಯದ ಗಾರ್ಮೆಂಟ್ಸಿಗೆ ಸೇರಿದೆ. ಅಲ್ಲಿ ಅಂಚು ಹಾಕುವುದು ಪೂರ್ತಿ ಮೆಷೀನಿನ ಕೆಲಸ, ಮೂಲೆಯನ್ನೂ ಅದೇ ತಿರುಗಿಸುತ್ತಿತ್ತು. ಮೊದಲ ದಿನ ಸೂಪರ್‌ವೈಸರ್ ಕೈಕೆಲಸ ಗೊತ್ತಿದೆಯಾ ಎಂದು ಕೇಳಿದ. ಗೊತ್ತು ಎಂದೆ. ಅದನ್ನು ಮರೆತುಬಿಡಮ್ಮ, ಕೈ ನಿಧಾನವಾಗುತ್ತದೆ ಎಂದ. ಅವನು ಒರಟನಲ್ಲ, ಇದ್ದದ್ದನ್ನು ಹೇಳಿದ. ಆಮೇಲಿನ ವರ್ಷಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಬೆಲ್ಲು ಹೊಡೆದರೆ ಒಳಗೆ, ಬೆಲ್ಲು ಹೊಡೆದರೆ ಹೊರಗೆ. ನಾನು ಹಾಕಿದ ಅಂಚುಗಳನ್ನು ಜೋಡಿಸಿದರೆ ಎಲ್ಲಿಯವರೆಗೆ ಹೋಗುತ್ತವೋ ಗೊತ್ತಿಲ್ಲ, ಅದರಲ್ಲಿ ಒಂದನ್ನೂ ನಾನು ನೆನಪಿಟ್ಟುಕೊಂಡಿಲ್ಲ.

ನೀಲಕ್ಕ ಪೀಣ್ಯದಲ್ಲೇ ಇದ್ದಾಳೆಂದು ಆಮೇಲೆ ತಿಳಿಯಿತು. ಫ್ಯಾಕ್ಟರಿಗಳಲ್ಲಿ ಮೆಷೀನಿನ ಎಣ್ಣೆ ಒರೆಸಲು ಬನಿಯನ್ ಚೂರು ಬೇಕಾಗುತ್ತದೆ, ಆ ಚೂರುಗಳನ್ನು ಆರಿಸಿ ಹರಿಯುವ ಒಂದು ತಗಡಿನ ಶೆಡ್ಡಿನಲ್ಲಿ ಕೂರುತ್ತಿದ್ದಳು. ಅಂಥ ಕೈ, ಬಟ್ಟೆ ಹರಿಯುತ್ತಿತ್ತು. ರಜೆಯ ದಿನ ಹೋಗಿ ನೋಡುತ್ತಿದ್ದೆ. ಹತ್ತಿಯ ಧೂಳು ಎದೆಗೆ ಇಳಿದು ಕೆಮ್ಮು ಹಿಡಿದಿತ್ತು. ಒಂದು ಚಳಿಗಾಲ ಹೋದಾಗ ಹೆಗ್ಗಣದ ಬಣ್ಣಕ್ಕೆ ತಿರುಗಿದ ಒಂದು ಚಾಪೆಯ ಮೇಲೆ ಮಲಗಿದ್ದಳು, ಪಕ್ಕದಲ್ಲಿ ಬನಿಯನ್ ಚೂರುಗಳಿಂದ ಮಾಡಿದ ಒಂದು ಕೌದಿ. ತನಗೇ ಎಂದು ಅವಳು ಹೊಲಿದ ಮೊದಲನೆಯದು. ಮೂರು ಮೂಲೆ ಮುಗಿದಿತ್ತು. ಕೈ ನಡುಗುವುದರಿಂದ ನಾಲ್ಕನೆಯದು ಆಗಿರಲಿಲ್ಲ.

ಮುಗಿಸಿಕೊಡು ಎಂದು ಸೂಜಿ ನನ್ನ ಕೈಗೆ ಕೊಟ್ಟಳು. ನಾನು ಬದಿಗಳನ್ನು ಬೆರಳಲ್ಲಿ ಸವರಿ ನೋಡಿದೆ, ಹಳೇ ಬಿಗಿಯೇ ಇತ್ತು. ಕೂತು, ಹಿಂಬದಿಯ ಬಟ್ಟೆ ಮುಂದಕ್ಕೆ ತಂದು, ಅವಳ ಅವ್ವನ ರೀತಿಯಲ್ಲಿ ಮಡಚಿದೆ. ಕೊನೆಯ ಮೂಲೆ ಬಂದಾಗ ಸೂಜಿ ನಿಲ್ಲಿಸಿ ಸೆರಗಿನ ಗಂಟಿಗೆ ಕೈ ಹಾಕಿದೆ. ನಮ್ಮ ಮನೆಯ ರಾಗಿ ಕಾಳು ಗಂಟಿನಲ್ಲಿ ಇಟ್ಟುಕೊಳ್ಳುವ ರೂಢಿ ನನಗಿನ್ನೂ ಹೋಗಿರಲಿಲ್ಲ, ಅದಕ್ಕೆ ಹುಳು ಬೀಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳು ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು.

"ಏನೂ ಹಾಕಬ್ಯಾಡ. ಹಂಗ ಮುಚ್ಚು."

"ಉಪಾಸ ಇರ್ತೈತಲ್ಲಕ್ಕ," ಎಂದೆ.

"ಇರ್ಲಿ ಬಿಡು. ಹುಳಾ ಬೀಳೂದಕ್ಕಿಂತ ಉಪಾಸ ಛಲೋ."

ನಾನು ಹೇಳಿದ ಹಾಗೆ ಮಾಡಿದೆ. ಮೂಲೆ ಮಡಚಿ, ಹೊಲಿಗೆ ಕಾಣದ ಹಾಗೆ, ಖಾಲಿಯಾಗಿಯೇ ಮುಚ್ಚಿದೆ. ಅವಳು ಅದನ್ನು ಗಲ್ಲದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು, ನಿದ್ದೆ ಬಂದಿತೋ ಇಲ್ಲವೋ ನಾನು ತಿಳಿಯಲು ನಿಲ್ಲಲಿಲ್ಲ. ಆ ಚಳಿಗಾಲ ಅವಳು ದಾಟಲಿಲ್ಲ. ಆ ದಿನ ಸೆರಗಿನ ರಾಗಿಯನ್ನು ಅಲ್ಲಿ ಬಿಡಲಾಗದೆ, ಬಸ್‌ಸ್ಟಾಪಿನವರೆಗೂ ಗಂಟು ಹಿಡಿದುಕೊಂಡೇ ನಡೆದೆ.